ಕೌಂಟಿಗೆ ಡೀಸಿ ಯಾರು?

ಸಾಗರದಿಂದ ನಿವೃತ್ತ ಶಿರಸ್ತೇದಾರರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯ ಪ್ರವಾಸ ಲೇಖನದಲ್ಲಿ ‘ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಜಿಲ್ಲೆ’ ಎಂದು ಅಚ್ಚಾಗಿದೆ. ಸನ್ನಿವೇಲ್‌ನ ಮಗನ ಮನೆಯಲ್ಲಿ ಐದು ತಿಂಗಳು ಇದ್ದು ಬಂದವನು ನಾನು. ಅಲ್ಲಿ ಜಿಲ್ಲಾಧಿಕಾರಿ ಕಚೇರಿಯನ್ನೂ ಕಾಣೆ, ತಾಲ್ಲೂಕು ಕಚೇರಿಯನ್ನೂ ಕಾಣೆ. ಎದುರು ಮನೆಯ ಅಜ್ಜಿ ಜಾರಿ ಬಿದ್ದಾಗ ಬೆಂಕಿ ಆರಿಸುವ ಗಾಡಿ ಬಂತು. ಅದರಿಂದ ಇಳಿದವರು ಪೊಲೀಸರು ಎಂದ ಮಗ. ಸಂಜೆ ವಾಕಿಂಗಿಗೆ ಹೋಗಿ ರಸ್ತೆ ದಾಟಿದರೆ ಪೊಲೀಸ್ ಗಾಡಿಯ ಮೇಲಿನ ಹೆಸರೇ ಬೇರೆ. ಮೂವತ್ತೊಂದು ವರ್ಷ ಕಂದಾಯ ಇಲಾಖೆಯಲ್ಲಿ ಸವೆದ ನನಗೇ ಇದು ತಲೆಗೆ ಹತ್ತಲಿಲ್ಲ. ಕೌಂಟಿ ಅಂದರೆ ಜಿಲ್ಲೆಯೋ, ತಾಲ್ಲೂಕೋ, ಪಂಚಾಯಿತಿಯೋ? ಅದಕ್ಕೆ ಡೀಸಿ ಯಾರು?”

ಮಾನ್ಯರೇ,

ತಪ್ಪು ನನ್ನದು. ಲೇಖಕಿ ‘ಕೌಂಟಿ’ ಎಂದೇ ಬರೆದಿದ್ದರು. ಓದುಗರಿಗೆ ಸುಲಭವಾಗಲಿ ಎಂದು ನಾನು ‘ಜಿಲ್ಲೆ’ ಎಂದು ತಿದ್ದಿದೆ, ತಿದ್ದಿ ಕೆಡಿಸಿದೆ.

ನಕ್ಷೆಯ ಮಟ್ಟಿಗೆ ನೋಡಿದರೆ ಅದು ತೀರಾ ಸುಳ್ಳೇನಲ್ಲ. 1850ರಲ್ಲಿ ಕ್ಯಾಲಿಫೋರ್ನಿಯಾ ಮೊದಲ ಸಲ 27 ಕೌಂಟಿಗಳಾಗಿ ಒಡೆದಾಗ ಸಾಂತಾ ಕ್ಲಾರಾವೂ ಅವುಗಳಲ್ಲೊಂದು. ವಿಸ್ತೀರ್ಣ ಸುಮಾರು 3,380 ಚದರ ಕಿಲೋಮೀಟರ್, ಅಂದರೆ ನಿಮ್ಮ ಶಿವಮೊಗ್ಗ ಜಿಲ್ಲೆಯ ಅರ್ಧವೂ ಆಗುವುದಿಲ್ಲ. ಜನ ಮಾತ್ರ 2020ರ ಗಣತಿಯಲ್ಲಿ 19.36 ಲಕ್ಷ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೌಂಟಿಯ ಮುಖ್ಯಪಟ್ಟಣವಾದ ಸ್ಯಾನ್ ಹೋಸೆಯಲ್ಲೇ. ಪಶ್ಚಿಮಕ್ಕೆ ಸಾಂತಾ ಕ್ರೂಜ್ ಬೆಟ್ಟಸಾಲು, ಪೂರ್ವಕ್ಕೆ ಡಿಯಾಬ್ಲೊ ಸಾಲು, ಉತ್ತರಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬಾಲ. ನಡುವಿನ ಬಟ್ಟಲಿನಂಥ ಕಣಿವೆಯಲ್ಲಿ ಊರುಗಳು. ಸಾಗರದವರಾದ ನಿಮಗೆ ಒಂದು ಸಂಗತಿ ಹೇಳಲೇಬೇಕು. ನಿಮ್ಮ ಸೀಮೆಯಲ್ಲಿ ಶರಾವತಿ ಪಡುವಣಕ್ಕೆ ಇಳಿದರೆ ತುಂಗೆ ಮೂಡಣಕ್ಕೆ ಹರಿಯುವುದಿಲ್ಲವೇ? ಅಲ್ಲೂ ಅಂಥದೇ ಒಂದು ನೀರುಗಡಿ ಮಾರ್ಗನ್ ಹಿಲ್ ಊರಿನ ಹತ್ತಿರ ಇದೆ. ಕಯೋಟಿ ಹಳ್ಳ ಉತ್ತರಕ್ಕೆ ಹೋಗಿ ಕೊಲ್ಲಿಗೆ ಸೇರುತ್ತದೆ, ಲ್ಯಾಗಸ್ ಹಳ್ಳ ದಕ್ಷಿಣಕ್ಕೆ ತಿರುಗಿ ಪಹಾರೊ ನದಿಯ ಜೊತೆ ಮಾಂಟರೆ ಕೊಲ್ಲಿಗೆ. ನಮ್ಮ ಘಟ್ಟದ ಎತ್ತರವಿಲ್ಲ. ಗಡಿ ಎಲ್ಲಿ ದಾಟಿದೆವೆಂಬುದು ಕಾರಿನಲ್ಲಿ ಕೂತವರಿಗೆ ಗೊತ್ತೂ ಆಗದು.

ಕಂಪ್ಯೂಟರ್ ಕಾಲಿಡುವ ಮೊದಲು ಈ ಕಣಿವೆ ತುಂಬ ಏಪ್ರಿಕಾಟ್, ಪ್ಲಮ್, ಚೆರ್ರಿ ತೋಟಗಳು. ತೋಟಕ್ಕೂ ಬೆಳೆಯುವ ಊರಿಗೂ ಬಾವಿ ತೋಡಿ ತೋಡಿ ನೀರೆತ್ತಿದ್ದರಿಂದ ಸ್ಯಾನ್ ಹೋಸೆ ಪೇಟೆಯ ನೆಲ 1970ರ ಹೊತ್ತಿಗೆ ಸುಮಾರು 13 ಅಡಿ ಕುಸಿದಿತ್ತು. ಬಿರುಕಲ್ಲ, ಗುಂಡಿಯಲ್ಲ, ಇಡೀ ಪೇಟೆ ಒಟ್ಟಿಗೇ ಇಳಿದದ್ದು. ಕೊಲ್ಲಿಯ ಅಂಚಿನ ಆಲ್ವಿಸೊ ಇವತ್ತಿಗೂ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಬೋರ್‌ವೆಲ್ ಹೊಡೆಸುವ ಮುನ್ನ ನಮ್ಮವರು ಒಮ್ಮೆ ನೋಡಿ ಬರಬೇಕಾದ ಜಾಗ, ಇರಲಿ.

ಈಗ ನಿಮ್ಮ ಪ್ರಶ್ನೆ. ಕೌಂಟಿಗೆ ಡೀಸಿ ಇಲ್ಲ. ರಾಜಧಾನಿ ಸ್ಯಾಕ್ರಮೆಂಟೊದಿಂದ ವರ್ಗವಾಗಿ ಬಂದು ಕೂರುವ ಅಧಿಕಾರಿ ಯಾರೂ ಇಲ್ಲ. ಐದು ಮಂದಿಯ ಒಂದು ಮಂಡಳಿ ಇದೆ, ‘ಬೋರ್ಡ್ ಆಫ್ ಸೂಪರ್‌ವೈಸರ್ಸ್’ ಅಂತ. ಒಬ್ಬೊಬ್ಬರೂ ಹೆಚ್ಚುಕಡಿಮೆ ನಾಲ್ಕು ಲಕ್ಷ ಜನರ ಕ್ಷೇತ್ರದಿಂದ ನಾಲ್ಕು ವರ್ಷಕ್ಕೆ ಆರಿಸಿ ಬರುತ್ತಾರೆ. ಕಾಯ್ದೆ ಮಾಡುವವರೂ ಅವರೇ, ಬಜೆಟ್ ಒಪ್ಪುವವರೂ ಅವರೇ. ದಿನದ ಆಡಳಿತಕ್ಕೆ ‘ಕೌಂಟಿ ಎಕ್ಸಿಕ್ಯುಟಿವ್’ ಒಬ್ಬರನ್ನು ಅವರೇ ನೇಮಿಸಿಕೊಳ್ಳುತ್ತಾರೆ. ನಮ್ಮ ಜಿಲ್ಲಾ ಪಂಚಾಯಿತಿಯ ಅಧ್ಯಕ್ಷರು, ಸಿಇಒ ಜೋಡಿ ನೆನಪಾಗಬಹುದು. ಆದರೆ ಇಲ್ಲಿ ಸಿಇಒ ಮೇಲಿನಿಂದ ಬರುತ್ತಾರೆ, ಅಲ್ಲಿ ಮಂಡಳಿ ಬೇಡವೆಂದರೆ ಮನೆಗೆ ಹೋಗುತ್ತಾರೆ. ಸರ್ಕಾರಿ ವಕೀಲರಾದ ಡಿಸ್ಟ್ರಿಕ್ಟ್ ಅಟಾರ್ನಿ, ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಷೆರಿಫ್, ಆಸ್ತಿಗೆ ಬೆಲೆ ಕಟ್ಟುವ ಅಸೆಸರ್, ಈ ಮೂವರಂತೂ ಮಂಡಳಿಯ ಕೈಕೆಳಗಿನವರೂ ಅಲ್ಲ; ಅವರೂ ನೇರ ಮತ ಕೇಳಿ ಬಂದವರೇ. ತೆರಿಗೆಗೆ ಮನೆಯ ಬೆಲೆ ಗೊತ್ತುಮಾಡುವವನು ಓಟು ಕೇಳಿಕೊಂಡು ಬರುವುದನ್ನು ಊಹಿಸಿಕೊಳ್ಳಿ! ಓಟು ಕೇಳಿ ಬಂದವರೆಲ್ಲ ಸಾಚಾ ಎಂದಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷ ಷೆರಿಫ್ ಆಗಿದ್ದವರು ಬಂದೂಕಿನ ಪರವಾನಗಿ ಹಂಚಿಕೆಯ ಅಕ್ರಮದಲ್ಲಿ ಸಿಕ್ಕಿಬಿದ್ದು 2022ರಲ್ಲಿ ರಾಜೀನಾಮೆ ಕೊಟ್ಟರು. ಅಷ್ಟಕ್ಕೇ ಬಿಡದ ಜ್ಯೂರಿ, ತಪ್ಪಿತಸ್ಥರೆಂದೂ ತೀರ್ಪಿತ್ತಿತು.

ಇನ್ನು ಆ ಪೊಲೀಸರ ಗೋಜಲು. ಕೌಂಟಿಯೊಳಗೆ 15 ನಗರಗಳಿವೆ, ಒಂದೊಂದಕ್ಕೂ ತನ್ನದೇ ಕೌನ್ಸಿಲ್. ನಿಮ್ಮ ಮಗನ ಸನ್ನಿವೇಲ್ 1950ರಿಂದ ಪೊಲೀಸನ್ನೂ ಅಗ್ನಿಶಾಮಕವನ್ನೂ ಒಂದೇ ಇಲಾಖೆ ಮಾಡಿಕೊಂಡಿದೆ. ಒಬ್ಬರೇ ಸಿಬ್ಬಂದಿ ಎರಡಕ್ಕೂ ತರಬೇತಾದವರು, ಸರದಿಯ ಮೇಲೆ ಇವತ್ತು ಲಾಠಿ, ನಾಳೆ ಪೈಪು. ಅಜ್ಜಿಯನ್ನು ಎತ್ತಿದವರು ಅವರು. ನೀವು ವಾಕಿಂಗಿನಲ್ಲಿ ದಾಟಿದ್ದು ಬಹುಶಃ ಹೋಮ್‌ಸ್ಟೆಡ್ ರಸ್ತೆ. ಬಹುಮಟ್ಟಿಗೆ ಅದೇ ಗಡಿ. ಆಚೆ ಬದಿ ಕ್ಯುಪರ್ಟಿನೊ. ಆ ನಗರಕ್ಕೆ ಸ್ವಂತ ಪೊಲೀಸರೇ ಇಲ್ಲ. ದುಡ್ಡು ಕೊಟ್ಟು ಕೌಂಟಿಯ ಷೆರಿಫ್‌ನ ಪಡೆಯನ್ನು ಗುತ್ತಿಗೆಗೆ ಇಟ್ಟುಕೊಂಡಿದೆ, ಪಕ್ಕದ ಸ್ಯಾರಟೋಗಾದ ಹಾಗೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಬಹುಭಾಗವಂತೂ ಯಾವ ನಗರಕ್ಕೂ ಸೇರಿಲ್ಲ. ಹೊಸ ಕಟ್ಟಡ ಎಬ್ಬಿಸಬೇಕಾದರೆ ಕೌಂಟಿಯ ಬಾಗಿಲಿಗೇ ಬರಬೇಕು.

ನೀವು ಜಿಲ್ಲೆ, ತಾಲ್ಲೂಕು, ಹೋಬಳಿ ಎಂದು ಒಂದರೊಳಗೊಂದು ಇಟ್ಟ ಡಬ್ಬಿಗಳನ್ನು ಹುಡುಕುತ್ತಿದ್ದೀರಿ. ಅಲ್ಲಿರುವುದು ಕೌದಿ. ಮಗುವಿನ ಶಾಲೆ ನಗರದ್ದೂ ಅಲ್ಲ, ಕೌಂಟಿಯದ್ದೂ ಅಲ್ಲ, ಸ್ವತಂತ್ರ ಶಾಲಾ ಮಂಡಳಿಯದ್ದು. ಅಣೆಕಟ್ಟು ಮತ್ತು ಅಂತರ್ಜಲದ ಉಸ್ತುವಾರಿ ‘ವ್ಯಾಲಿ ವಾಟರ್’ ಎಂಬ ಇನ್ನೊಂದು ಚುನಾಯಿತ ಮಂಡಳಿಯದ್ದು. ಬಸ್ಸು, ಲೈಟ್ ರೈಲು ‘ವಿಟಿಎ’ ಎಂಬ ಸಾರಿಗೆ ಸಂಸ್ಥೆಯದ್ದು. ಹೆದ್ದಾರಿ ರಾಜ್ಯದ್ದು, ಬೀದಿ ನಗರದ್ದು. ಇವೆರಡರ ನಡುವೆ ಲಾರೆನ್ಸ್, ಸ್ಯಾನ್ ಟೊಮಾಸ್, ಮಾಂಟೆಗ್ಯೂ ಮುಂತಾದ ಎಂಟು ಎಕ್ಸ್‌ಪ್ರೆಸ್‌ವೇಗಳು ಮಾತ್ರ ಕೌಂಟಿಯವು. ಲಾರೆನ್ಸ್‌ನ ಸಿಗ್ನಲ್ ಕೆಟ್ಟರೆ ಸನ್ನಿವೇಲ್ ನಗರಸಭೆಗೆ ಫೋನ್ ಮಾಡಿ ಪ್ರಯೋಜನವಿಲ್ಲ.

ಹಾಗಾದರೆ ಕೌಂಟಿ ಮಾಡುವುದೇನು? ನನಗೆ ಕಂಡಂತೆ, ಬೇರೆ ಯಾರೂ ಹೊರಲು ಒಪ್ಪದ್ದನ್ನು ಹೊರುವುದು. ಜೈಲು ಅದರದ್ದು. ಮತದಾರರ ಪಟ್ಟಿ, ಮದುವೆಯ ಪರವಾನಗಿ, ಜನನ ಮರಣದ ದಾಖಲೆ, ಕ್ರಯಪತ್ರದ ನೋಂದಣಿ ಅದರದ್ದು. ಸಂಶಯದ ಸಾವಾದರೆ ಪೋಸ್ಟ್‌ಮಾರ್ಟಂ ಅದರದ್ದು. ಎಲ್ಲಕ್ಕಿಂತ ದೊಡ್ಡ ಹೊರೆ ಆಸ್ಪತ್ರೆ. ಬೇರೆ ಆಸರೆ ಇಲ್ಲದ ಬಡವರನ್ನು ಕೌಂಟಿಯೇ ನೋಡಿಕೊಳ್ಳಬೇಕು ಎಂದು ರಾಜ್ಯದ ಕಾನೂನೇ ಹೇಳುತ್ತದೆ. 1876ರಷ್ಟು ಹಳೆಯದಾದ ವ್ಯಾಲಿ ಮೆಡಿಕಲ್ ಸೆಂಟರ್ ಜೊತೆಗೆ, ದಿವಾಳಿಯಾದ ಸಂಸ್ಥೆಯೊಂದರಿಂದ 2019ರಲ್ಲಿ ಎರಡು ಆಸ್ಪತ್ರೆಗಳನ್ನು ಕೊಂಡರು: ಸ್ಯಾನ್ ಹೋಸೆಯ ಓಕಾನರ್, ಬೆಳ್ಳುಳ್ಳಿಗೆ ಹೆಸರಾದ ಗಿಲ್ರಾಯ್ ಊರಿನ ಸೇಂಟ್ ಲೂಯಿಸ್. ಪೂರ್ವ ಸ್ಯಾನ್ ಹೋಸೆಯ ಖಾಸಗಿ ಆಸ್ಪತ್ರೆಯೊಂದು 2025ರಲ್ಲಿ ಕೌಂಟಿಯ ಕೈಗೆ ಬಂತು. ಆಪಲ್, ಗೂಗಲ್ ಹೆಸರು ಕೇಳಿ ಆ ನೆಲದಲ್ಲಿ ಬಡವರೇ ಇಲ್ಲ ಎಂದುಕೊಂಡವರು ಒಮ್ಮೆ ವ್ಯಾಲಿ ಮೆಡಿಕಲ್‌ನ ತುರ್ತು ವಿಭಾಗದ ಹೊರಗಿನ ಬೆಂಚುಗಳನ್ನು ನೋಡಬೇಕು.

ಡೀಸಿಯಂಥವರು ಅಲ್ಲಿ ಒಮ್ಮೆ ಕಾಣಿಸಿಕೊಂಡದ್ದುಂಟು. 2020ರ ಮಾರ್ಚ್ 16ರಂದು ಕೊಲ್ಲಿ ಪ್ರದೇಶದ ಆರು ಕೌಂಟಿಗಳ ಆರೋಗ್ಯಾಧಿಕಾರಿಗಳು ‘ಎಲ್ಲರೂ ಮನೆಯಲ್ಲೇ ಇರಿ’ ಎಂದು ಆಜ್ಞೆ ಹೊರಡಿಸಿದರು. ಅಮೆರಿಕದಲ್ಲಿ ಅಂಥದು ಅದೇ ಮೊದಲು. ಸಾಂತಾ ಕ್ಲಾರಾದಲ್ಲಿ ಸಹಿ ಹಾಕಿದವರು ಡಾ. ಸಾರಾ ಕೋಡಿ. ರಾಜ್ಯದ ಗವರ್ನರ್ ಆಜ್ಞೆ ಬಂದದ್ದು ಮೂರು ದಿನದ ಮೇಲೆ. ನಮ್ಮಲ್ಲಿ ಮಾರ್ಚ್ 24ರ ರಾತ್ರಿ ದೆಹಲಿ ಹೇಳಿತು, ಜಿಲ್ಲೆ ಪಾಲಿಸಿತು. ಅಲ್ಲಿ ಕೌಂಟಿ ಹೇಳಿತು, ಆಮೇಲೆ ರಾಜ್ಯ ಹೇಳಿತು. ‘ಜಿಲ್ಲೆ’ ಎಂಬ ನನ್ನ ಪದ ಎಡವಿದ್ದು ಇಲ್ಲೇ.

ಕಂದಾಯದವರಾದ ನಿಮಗಾಗಿ ಇನ್ನೆರಡು ಮಾತು. ಮನೆ ತೆರಿಗೆಯ ಬಿಲ್ಲು ಕಳಿಸುವುದು ಕೌಂಟಿ, ವರ್ಷಕ್ಕೆ ಎರಡು ಕಂತು, ಡಿಸೆಂಬರ್ 10 ಮತ್ತು ಏಪ್ರಿಲ್ 10 ದಾಟಿದರೆ ದಂಡ. ಆದರೆ ಬಂದದ್ದರಲ್ಲಿ ದೊಡ್ಡ ಪಾಲು ಶಾಲೆಗಳಿಗೆ, ಉಳಿದದ್ದರಲ್ಲಿ ನಗರಗಳಿಗೂ ಪಾಲು. ದರ ಏರಿಸುವ ಅಧಿಕಾರ ಮಂಡಳಿಗಿಲ್ಲ. 1978ರಲ್ಲಿ ಮತದಾರರೇ ಒಪ್ಪಿದ ‘ಪ್ರೊಪೊಸಿಷನ್ 13’ರ ಪ್ರಕಾರ ಮೂಲ ತೆರಿಗೆ ಬೆಲೆಯ ಶೇ 1, ಆ ಬೆಲೆಯನ್ನೂ ಮನೆ ಕೈಬದಲಾಗುವ ತನಕ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚಿಸುವಂತಿಲ್ಲ. ಹೀಗಾಗಿ ಅಕ್ಕಪಕ್ಕದ ಒಂದೇ ಅಳತೆಯ ಮನೆಗಳಲ್ಲಿ, ನಲವತ್ತು ವರ್ಷದ ಹಿಂದೆ ಕೊಂಡವರು ಪುಡಿಗಾಸು ಕಟ್ಟುತ್ತಾರೆ, ಮೊನ್ನೆ ಕೊಂಡ ನಮ್ಮ ಹುಡುಗರು ಅದರ ಹತ್ತು ಪಾಲು ಕಟ್ಟಿದರೂ ಆಶ್ಚರ್ಯವಿಲ್ಲ. ನ್ಯಾಯವೇ? ನನಗೆ ಹಾಗನ್ನಿಸುವುದಿಲ್ಲ. ಪಿಂಚಣಿಯಲ್ಲಿ ಬದುಕುವ ಎದುರು ಮನೆಯ ಅಜ್ಜಿಯನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ.

ಎರಡನೆಯದು ಬೇಲಿಯ ಕತೆ. ಹಳಿಯ ಪಕ್ಕದ ಬೇಲಿಯನ್ನೂ ಸೇರಿಸಿ ಸದರ್ನ್ ಪೆಸಿಫಿಕ್ ರೈಲ್ವೆಗೆ ಹಾಕಿದ ತೆರಿಗೆಯನ್ನು ವಸೂಲು ಮಾಡಲು ಇದೇ ಕೌಂಟಿ ಸುಪ್ರೀಂ ಕೋರ್ಟಿನ ತನಕ ಹೋಗಿ 1886ರಲ್ಲಿ ಸೋತಿತು. ಕಂಪನಿಗೂ ‘ವ್ಯಕ್ತಿ’ಯ ಸಾಂವಿಧಾನಿಕ ರಕ್ಷಣೆ ಉಂಟು ಎಂಬ ಸಾಲು ಬಂದದ್ದು ಆ ಪ್ರಕರಣದ ವರದಿಯಲ್ಲೇ, ಅದೂ ತೀರ್ಪಿನ ಒಳಗಲ್ಲ, ವರದಿಗಾರ ಬರೆದ ತಲೆಟಿಪ್ಪಣಿಯಲ್ಲಿ. ಷರಾ ಬರೆಯುವವನ ಕೈ ಎಷ್ಟು ದೂರ ಚಾಚಬಲ್ಲದು ಎಂದು ಶಿರಸ್ತೇದಾರರಿಗೆ ನಾನು ಹೇಳಿಕೊಡಬೇಕಿಲ್ಲ.

ಇನ್ನು ಮುಂದೆ ನಮ್ಮ ಪತ್ರಿಕೆಯಲ್ಲಿ ‘ಕೌಂಟಿ’ ಎಂದೇ ಅಚ್ಚಾಗುತ್ತದೆ. ಮತ್ತೆ ಮಗನ ಮನೆಗೆ ಹೋದಾಗ ಮಂಡಳಿ ಸಭೆ ಸೇರುವ ಒಂದು ಮಂಗಳವಾರ ನೋಡಿಕೊಂಡು ಸ್ಯಾನ್ ಹೋಸೆಯ ವೆಸ್ಟ್ ಹೆಡ್ಡಿಂಗ್ ಬೀದಿಯ 70ನೇ ಕಟ್ಟಡಕ್ಕೆ ಹೋಗಿ. ಸಭೆ ಎಲ್ಲರಿಗೂ ತೆರೆದದ್ದು. ಹೆಸರು ಬರೆದೇ ಒಳಗೆ ಬರಬೇಕೆಂದು ಕಡ್ಡಾಯ ಮಾಡುವಂತಿಲ್ಲ, ಪೌರತ್ವವನ್ನೂ ಕೇಳುವುದಿಲ್ಲ. ಕೇಳಿಕೊಂಡರೆ ಒಂದೆರಡು ನಿಮಿಷ ಮೈಕು ನಿಮ್ಮದು. ಏನು ಮಾತಾಡಿದಿರಿ ಎಂದು ಬರೆದು ಕಳಿಸಿ, ಒಂದಕ್ಷರವನ್ನೂ ತಿದ್ದದೆ ಹಾಕುತ್ತೇನೆ.

– ಸಂ.