ಇಂಗ್ಲೆಂಡಿನ ಕೆಥೊಲಿಕ್ ಶಾಲೆಯ ಕಾಂಟ್ರಾಕ್ಟ್‌ನಲ್ಲಿ ಡಯಾಸಿಸ್ ಯಾಕೆ ಬರುತ್ತೆ?

ಮೇಡಂ, ಇಂಗ್ಲೆಂಡಿನ ಕೆಥೊಲಿಕ್ ಹೈಸ್ಕೂಲಲ್ಲಿ ಫಿಸಿಕ್ಸ್ ಟೀಚರ್ ಕೆಲಸ ಸಿಕ್ಕಿದೆ, ಆದರೆ ಕಾಂಟ್ರಾಕ್ಟ್ ತುಂಬಾ ಡಯಾಸಿಸ್, ಬಿಷಪ್ ಅಂತಲೇ ಇದೆ, ನಾವು ಲಿಂಗಾಯತರು, ಸಹಿ ಹಾಕಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಬಹುದು. ಇಲ್ಲಿನ ಕೆಥೊಲಿಕ್ ಶಾಲೆಗಳಲ್ಲಿ ಬೇರೆ ಧರ್ಮದ ಟೀಚರ್‌ಗಳು ಬೇಕಾದಷ್ಟು ಜನ ಇದ್ದಾರೆ, ನಾನೂ ಅವರಲ್ಲಿ ಒಬ್ಬಳು. ಆದರೆ ಪೂರ್ತಿ ಓದಿಯೇ ಹಾಕಿ.

ಡಯಾಸಿಸ್ ಅಂದರೆ ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ, ನಮ್ಮಲ್ಲಿ ಮಂಗಳೂರು ಧರ್ಮಪ್ರಾಂತ್ಯ ಅಂತೀವಲ್ಲ, ಹಾಗೆ. ಶಾಲೆಯ ಜಾಗ, ಕಟ್ಟಡ ಸಾಮಾನ್ಯವಾಗಿ ಅವರ ಟ್ರಸ್ಟಿನದು. ಸಂಬಳದ ದುಡ್ಡು ಸರ್ಕಾರದ್ದು. ಆದ್ದರಿಂದ ಡಯಾಸಿಸ್ ಹೆಸರು ಎಷ್ಟು ಸಲ ಬಂದರೂ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಂಡವರು ಅವರೇ ಅಂದುಕೊಳ್ಳಬೇಡಿ. ನಿಮ್ಮದು 'ವಾಲಂಟರಿ ಏಡೆಡ್' ಶಾಲೆ (ಸರ್ಕಾರದ ದುಡ್ಡಲ್ಲಿ ನಡೆದರೂ ಚರ್ಚ್‌ನ ಹಿಡಿತದಲ್ಲಿರುವ ಶಾಲೆ) ಆಗಿದ್ದರೆ ಕೆಲಸ ಕೊಡುವುದು ಆ ಶಾಲೆಯ ಗವರ್ನಿಂಗ್ ಬಾಡಿ, ಅದರಲ್ಲಿ ಜಾಸ್ತಿ ಜನ ಚರ್ಚ್ ಕಡೆಯವರೇ ಇರುತ್ತಾರೆ. ಅಕಾಡೆಮಿ, ಅಂದರೆ ಸರ್ಕಾರದ ದುಡ್ಡಲ್ಲಿ ಒಂದು ಟ್ರಸ್ಟ್ ನಡೆಸುವ ಶಾಲೆ ಆಗಿದ್ದರೆ, ಆ ಅಕಾಡೆಮಿ ಟ್ರಸ್ಟ್. ಬರ್ಮಿಂಗ್‌ಹ್ಯಾಮ್ ಕಡೆ ಹಲವು ಕೆಥೊಲಿಕ್ ಶಾಲೆಗಳು ಸೇರಿ ಒಂದೇ ಕಂಪನಿ ಮಾಡಿಕೊಂಡಿವೆ, ಅಂಥ ಕಡೆ 'ಕೆಲಸದ ಸ್ಥಳ' ಅನ್ನೋ ಕಲಂ ಹುಡುಕಿ ಓದಿ, ಯಾಕಂದ್ರೆ ಬೇರೆ ಶಾಲೆಗೆ ಹಾಕುವ ಹಕ್ಕನ್ನು ಅದರಲ್ಲೇ ಬರೆದುಕೊಂಡಿರಬಹುದು. ವೀಸಾಕ್ಕೆ ಸ್ಪಾನ್ಸರ್‌ಶಿಪ್ ಪತ್ರ ಬರುತ್ತಲ್ಲ, ಅದರಲ್ಲಿರುವ ಹೆಸರೂ ಕಾಂಟ್ರಾಕ್ಟ್‌ನಲ್ಲಿ ಕೆಲಸ ಕೊಡುವವರ ಹೆಸರೂ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ತಕ್ಷಣ ಕೇಳಿ.

ಇನ್ನು ನಿಮ್ಮನ್ನು ಹೆದರಿಸಿದ ಆ ಸಾಲು: ಶಾಲೆಯ ಕೆಥೊಲಿಕ್ ಸ್ವರೂಪಕ್ಕೆ ಧಕ್ಕೆ ತರುವಂಥದ್ದು ಏನೂ ಮಾಡಬಾರದು ಅಂತ. ಅದು ಬಿಷಪ್‌ಗಳ ಶಿಕ್ಷಣ ಸಂಸ್ಥೆಯ ಮಾದರಿ ಕಾಂಟ್ರಾಕ್ಟ್‌ನಲ್ಲೇ ಇರುವ ಮಾತು, ನಿಮಗೆ ಅಂತ ಸೇರಿಸಿದ್ದಲ್ಲ. ಮತಾಂತರ ಆಗಿ ಅಂತ ಅದರ ಅರ್ಥ ಖಂಡಿತ ಅಲ್ಲ. ಆದರೆ ಸುಮ್ನೆ ಬರೆದ ಸಾಲೂ ಅಲ್ಲ. 1998ರ ಶಾಲಾ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ ವಾಲಂಟರಿ ಏಡೆಡ್ ಶಾಲೆಗಳು ಟೀಚರ್ ನೇಮಕ, ಬಡ್ತಿ ಎರಡರಲ್ಲೂ ತಮ್ಮ ಧರ್ಮದವರಿಗೆ ಆದ್ಯತೆ ಕೊಡಬಹುದು, ಧರ್ಮಕ್ಕೆ ಹೊಂದದ ನಡತೆಯನ್ನು ಕೆಲಸದಿಂದ ತೆಗೆಯುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ದಿನನಿತ್ಯ ಹೇಗಿರುತ್ತೆ ಅಂದರೆ, ಗೋಡೆ ಮೇಲೆ ಶಿಲುಬೆ ಇರುತ್ತೆ, ಬೆಳಿಗ್ಗೆ ಹಾಜರಿ ಹಾಕುವಾಗ ಕ್ಲಾಸ್ ಟೀಚರ್ ಮಕ್ಕಳ ಜೊತೆ ಚಿಕ್ಕ ಪ್ರಾರ್ಥನೆ ಮಾಡಿಸುವ ಪದ್ಧತಿ ಇರುತ್ತೆ. ನಾನು ಒಬ್ಬ ಹುಡುಗನ ಕೈಲಿ ಓದಿಸಿ ತಲೆಬಾಗಿ ನಿಲ್ಲುತ್ತೇನೆ. ಅಷ್ಟರಿಂದ ನನ್ನ ನಂಬಿಕೆಗೆ ಏನೂ ಆಗಿಲ್ಲ. ನಿಮಗೆ ಅದು ಕಷ್ಟ ಅನಿಸಿದರೆ ಸೇರುವ ಮೊದಲೇ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಬಡ್ತಿ ವಿಷಯ ಮಾತ್ರ ಮನಸ್ಸಿಗೆ ತಗೊಳ್ಳಿ. ಹೆಡ್, ಡೆಪ್ಯುಟಿ ಹೆಡ್, ಧರ್ಮಶಿಕ್ಷಣದ ಮುಖ್ಯಸ್ಥರು, ಈ ಹುದ್ದೆಗಳಿಗೆ ಚರ್ಚ್‌ಗೆ ನಡೆದುಕೊಳ್ಳುವ ಕೆಥೊಲಿಕರೇ ಬೇಕು ಅಂತ ಬಿಷಪ್‌ಗಳ ನಿಯಮ. ಎಷ್ಟೋ ವರ್ಷ ದುಡಿದ ಮೇಲೆ ಇದು ಗೊತ್ತಾಗಿ ನೊಂದುಕೊಂಡವರನ್ನು ನೋಡಿದ್ದೇನೆ, ಅದಕ್ಕೇ ಈಗಲೇ ಹೇಳ್ತಿದ್ದೀನಿ. ನಿಮಗೆ ಹೆಡ್ ಆಗೋ ಆಸೆ ಇದ್ದರೆ ಕೆಲವು ವರ್ಷದ ನಂತರ ಬೇರೆ ಬಗೆಯ ಶಾಲೆ ನೋಡಿಕೊಳ್ಳಿ.

ಮಗಳನ್ನೂ ಅಲ್ಲೇ ಸೇರಿಸೋ ಯೋಚನೆ ಇದ್ದರೆ ಅಡ್ಮಿಶನ್ ಪಾಲಿಸಿ ಬೇರೆಯಾಗಿ ಓದಿ. ಸೀಟಿಗೆ ಪೈಪೋಟಿ ಇದ್ದಾಗ ದೀಕ್ಷಾಸ್ನಾನ ಆದ ಕೆಥೊಲಿಕ್ ಮಕ್ಕಳಿಗೇ ಸಾಮಾನ್ಯವಾಗಿ ಮೊದಲ ಆದ್ಯತೆ. ಸಿಬ್ಬಂದಿ ಮಕ್ಕಳಿಗೂ ಆದ್ಯತೆ ಇದೆ ಅಂತ ಅದರಲ್ಲಿ ಬರೆದಿದ್ದರಷ್ಟೇ ನಿಮಗೆ ಉಪಯೋಗ.