ಚಾಕು ಕೆಳಗಿಡಿ ಮೊದಲು

ಗೊರಸು ಕೊಳೆ ರೋಗಕ್ಕೆ ಅಂತ ಬಂಡೂರು ತಳಿ ಟಗರಿನ ಗೊರಸನ್ನ ರಕ್ತ ಬರೋಗಂಟ ಕೆತ್ತಿ, ಮೈಲುತುತ್ತ (ತಾಮ್ರದ ಸಲ್ಫೇಟ್) ಮೆತ್ತಿ ಫೋಟೋ ಹಾಕಿದೀರಲ್ಲ, ಹೊಟ್ಟೆ ಉರೀತು. 2019ರ ಮಳೆಗಾಲದಲ್ಲಿ ನಾನೂ ಇದನ್ನೇ ಮಾಡಿದ್ದು. 22 ಕುರೀಲಿ ಐದು ಕುಂಟ್ತಿದ್ವು. ಕೊಳೆತದ್ದೆಲ್ಲ ತೆಗೀಬೇಕು ಅಂತ ಒಂದೇ ಚಾಕೂಲಿ ಎಲ್ಲದರ ಕಾಲೂ ಕೆತ್ತಿದೆ. ಹದಿನೈದು ದಿನಕ್ಕೆ ಹದಿನಾಲ್ಕು ಕುಂಟಿದ್ವು! ರೋಗ ಹಂಚಿದ್ದು ನಾನೇ. ರಕ್ತ ಬಂದ ಗೊರಸಂತೂ ದೀಪಾವಳಿ ಕಳೆದ್ರೂ ಸರಿಯಾಗಲಿಲ್ಲ.

ಸಾಲದು ಅಂತ ಕಾಲು ಅದ್ದೋಕೆ ಕಲಸಿದ್ದ ಮೈಲುತುತ್ತದ ನೀರನ್ನ ಟಬ್ಬಲ್ಲೇ ಬಿಟ್ಟು ಮಲಗಿದೆ. ರಾತ್ರಿ ಒಂದು ಹೆಣ್ಣುಕುರಿ ಕುಡೀತು. ನೀಲಿಹಸಿರು ಭೇದಿ, ಮಾರನೇ ದಿನ ಹೋಯ್ತು. ತಾಮ್ರ ಕುರಿಗೆ ವಿಷ ಕಣ್ರೀ. ಅದು ತೆಂಗಿನ ಸುಳಿಗಿರಲಿ.

ಈಗ ನಾನು ಹಾಕೋದು ಜಿಂಕ್ ಸಲ್ಫೇಟ್, ಭತ್ತಕ್ಕೆ ಹಾಕ್ತೀವಲ್ಲ ಅದೇ. 10 ಲೀಟರ್ ನೀರಿಗೆ 1 ಕೆಜಿ, ಮೇಲೊಂದು ಹಿಡಿ ಸೋಪಿನ ಪುಡಿ. ಗೊರಸು ಮುಳುಗಬೇಕು, 10–15 ನಿಮಿಷ ನಿಲ್ಲಿಸಬೇಕು. ದಾಟಿಸಿ ಓಡಿಸಿದ್ರೆ ದಂಡ. ಮೊದಲು ಕಾಲು ತೊಳೀರಿ, ಹೊಟ್ಟೆ ತುಂಬ ನೀರು ಕುಡಿಸಿ, ಇಲ್ಲಾಂದ್ರೆ ಇದಕ್ಕೂ ಬಾಯಿ ಹಾಕ್ತವೆ. ಆಮೇಲೆ ಒಂದು ಗಂಟೆ ಒಣ ನೆಲ. ವಾರಕ್ಕೊಂದ್ಸಲ. ಗಬ್ಬದ ಕುರೀನ ಎಳೆದಾಡಬೇಡಿ.

ಔಷಧಿ ಹಾಕಿ ಸೀದಾ ನಾಲೆ ಕೆಳಗಿನ ಗದ್ದೆಗೆ ಅಟ್ಟಿದ್ರೆ ಎಲ್ಲಾ ನೀರಲ್ಲಿ ಹೋಮ. ಕುಂಟೋ ಕುರಿ ಮೇಯ್ದ ಜಾಗಕ್ಕೆ ಎರಡು ವಾರ ಯಾವುದನ್ನೂ ಬಿಡಬೇಡಿ. ಗೊರಸು ಸಿಗದಿದ್ರೆ ಆ ರೋಗಾಣು ಮಣ್ಣಲ್ಲಿ ಬಹಳ ದಿನ ಬಾಳಲ್ಲ. ಸಂತೆಯಿಂದ ತಂದದ್ದನ್ನ ಮೂರ್ನಾಲ್ಕು ವಾರ ಬೇರೆ ಕಟ್ಟಿ. ವರ್ಷವರ್ಷವೂ ಕುಂಟೋದನ್ನ ಮಾರಿಬಿಡಿ, ಎಷ್ಟೇ ಗುಂಡಗಿರಲಿ, ಅದರ ಮರಿ ಇಟ್ಕೋಬೇಡಿ.

ಗಾಯಕ್ಕೆ ಹೊಡೆಯೋ ಟಾಪಿಕ್ಯೂರ್ ಸ್ಪ್ರೇ ಸಾಕು ಅಂತ ನಿಮ್ಮ ಫೋಟೋ ಕೆಳಗೆ ಯಾರೋ ಬರೆದವ್ರೆ. ನೊಣಕ್ಕೆ ಒಳ್ಳೇದು, ನಾನೂ ಇಟ್ಟಿದೀನಿ. ಬೆರಳ ಸಂದಿ ಕೊಳೆತು ನಾರ್ತಿದ್ರೆ ಅದೊಂದರಿಂದ ಆಗಲ್ಲ, ಆಕ್ಸಿಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ಬೇಕಾಗುತ್ತೆ. ಡೋಸು ತೂಕದ ಮೇಲೆ, ಡಾಕ್ಟ್ರು ಹೇಳಲಿ. ಬಕ್ರೀದ್‌ಗೆ ಮಾರೋ ಟಗರಾದ್ರೆ ಚುಚ್ಚಿಸಿದ ಮೇಲೆ ಎಷ್ಟು ದಿನ ಕಡಿಯಬಾರದು ಅಂತಲೂ ಕೇಳಿ.

ಬಾಯಲ್ಲಿ ಗುಳ್ಳೆ, ಜೊಲ್ಲು ಇದ್ರೆ ಕಾಲುಬಾಯಿ ಜ್ವರ ಇರಬಹುದು. ಮೂತಿ ಊದಿ, ಗೊರಸಿನ ಮೇಲಂಚು ಕೆಂಪಾಗಿದ್ರೆ ನೀಲಿ ನಾಲಿಗೆ ರೋಗ ಇರಬಹುದು. ಆಗ ಟಬ್ಬು ಬಿಟ್ಟು ಡಾಕ್ಟ್ರಿಗೆ ಫೋನ್ ಮಾಡಿ. ಒಂದೇ ಕುಂಟ್ತಿದ್ರೆ ಮೊದಲು ಜಾಲಿಮುಳ್ಳು ನೋಡಿ.

ಅಂದಹಾಗೆ, ಕೆತ್ತಿದ ಚೂರು ಫೋಟೋದಲ್ಲಿ ಕೊಟ್ಟಿಗೇಲೇ ಬಿದ್ದವೆ. ಎದ್ದೋಗಿ, ಗುಡಿಸಿ ಸುಡಿ.