ಪುಣೆಯಲ್ಲಿರುವ ಜಿಎನ್‌ಎಂ ನರ್ಸ್ ಮುಂದೆ ಓದಬೇಕೇ?

ತಂಗಿ ಕರ್ನಾಟಕದಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಪುಣೆಯ ಖಾಸಗಿ ಆಸ್ಪತ್ರೆಯಲ್ಲಿದ್ದಾಳೆ, ನಿಯಮ ಬದಲಾಗುತ್ತಿವೆಯಂತೆ, ಎಂಎಸ್ಸಿವರೆಗೂ ಓದಿಸಲೇ ಎಂದು ಹಾಸನದಿಂದ ಕೇಳಿದ್ದೀರಿ. ಮಹಾರಾಷ್ಟ್ರದ ಗಡಿಯ ನಮ್ಮ ಅಕ್ಕಲಕೋಟೆ, ಜತ್ತ ಕಡೆಯ ಮನೆಗಳಲ್ಲೂ ಇದೇ ಚರ್ಚೆ. ಪೋಸ್ಟ್ ಬೇಸಿಕ್ ಬಿಎಸ್ಸಿ, ಅಂದರೆ ಜಿಎನ್‌ಎಂ ಆದವರ ಪದವಿ ಕೋರ್ಸ್, ಮಾಡಿಸಿರಿ. ಎಂಎಸ್ಸಿ ಮಾತ್ರ ಪಾಠ ಹೇಳುವ ಮನಸ್ಸಿದ್ದರೆ.

ಜಿಎನ್‌ಎಂ ಬಂದ್ ಆಗ್ತದ ಅನ್ನುವ ಮಾತು ಬಹಳ ದಿನದ್ದು. ನಿಲ್ಲಿಸುವ ನಿರ್ಧಾರ ಆಗಿ, ಮುಂದಕ್ಕೂ ಹೋಯಿತು. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಮಾಡಿದ್ದಾರೆ. ಅದರಿಂದ ಈಗಾಗಲೇ ನೋಂದಣಿಯಾದವರ ಹೆಸರು ಅಳಿಸಿಹೋಗುವುದಿಲ್ಲ. ವ್ಯತ್ಯಾಸ ಬೀಳುವುದು ನೌಕರಿಯಲ್ಲಿ. ಏಮ್ಸ್ ನರ್ಸಿಂಗ್ ಆಫೀಸರ್ ಪರೀಕ್ಷೆಗೆ ಬಿಎಸ್ಸಿಯವರು ಅನುಭವವಿಲ್ಲದೆ ಕೂರಬಹುದು. ಜಿಎನ್‌ಎಂನವರು ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷ ದುಡಿದಿರಬೇಕು.

ಓದಿಗಿಂತ ಮೊದಲು ನೋಂದಣಿ ನೋಡಿ. ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಪರಿಶೀಲನಾ ಪತ್ರ ತರಿಸಿ, ಮುಂಬೈನ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಹಚ್ಚಬೇಕು. ಸಿಕ್ಕಿಬೀಳುವುದು ಹೆಸರಿನಲ್ಲೇ: ನಿಮ್ಮ ಕಡೆ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ, ಇಲ್ಲಿನ ಫಾರ್ಮ್ ಅಡ್ಡಹೆಸರು (ಸರ್‌ನೇಮ್), ತಂದೆಯ ಹೆಸರು ಬೇರೆಬೇರೆ ಕೇಳುತ್ತದೆ. ಆಧಾರ್‌ನಲ್ಲಿ ಮೂರನೆಯ ರೂಪ ಇದ್ದರಂತೂ ಮುಗಿಯಿತು, ಅರ್ಜಿ ಹಿಂದಕ್ಕೆ. ಎಲ್ಲವನ್ನೂ ಒಂದೇ ರೂಪಕ್ಕೆ ತಂದುಕೊಂಡೇ ಕಳಿಸಿ.

ಪೋಸ್ಟ್ ಬೇಸಿಕ್ 2 ವರ್ಷ, ಪೂರ್ಣಾವಧಿ, ನೌಕರಿ ಬಿಡಬೇಕು. ಹೀಗಾಗಿ ಶುಲ್ಕದ ಜೊತೆ 24 ತಿಂಗಳ ಪಗಾರವನ್ನೂ ಖರ್ಚಿಗೇ ಹಿಡಿಯಿರಿ. ಪುಣೆಯ ಕಾಲೇಜುಗಳಲ್ಲಿ ಕೆಲವು ನಾಶಿಕದ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ, ಕೆಲವು ಡೀಮ್ಡ್, ಅಂದರೆ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳವು; ಡೀಮ್ಡ್‌ನಲ್ಲಿ ಪ್ರವೇಶದ ದಾರಿಯೇ ಬೇರೆ, ಶುಲ್ಕವೂ ಸಾಮಾನ್ಯವಾಗಿ ಭಾರಿ. ಕೆಲಸ ಬಿಡಲಾಗದಿದ್ದರೆ ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯ ಇದೆ: 2 ವರ್ಷದ ಅನುಭವ, ಪ್ರವೇಶ ಪರೀಕ್ಷೆ, ಕನಿಷ್ಠ 3 ವರ್ಷದ ಕೋರ್ಸ್. ದೂರಶಿಕ್ಷಣ ಎಂದು ಕ್ಲಿನಿಕಲ್ ಹಾಜರಾತಿ ತಪ್ಪುವುದಿಲ್ಲ. ಪಾಠ ಇಂಗ್ಲಿಷ್‌ನಲ್ಲಿ, ಆದರೆ ಕಮ್ಯುನಿಟಿ ಪೋಸ್ಟಿಂಗ್‌ನಲ್ಲಿ ಮನೆಮನೆ ಸಮೀಕ್ಷೆ ಮರಾಠಿಯಲ್ಲೇ ಆಗಬೇಕು. ಐಸಿಯುನಲ್ಲಿ ವೆಂಟಿಲೇಟರ್ ಮುಂದೆ ನಿಂತು ಕಲಿತ ಮರಾಠಿ ಅಲ್ಲಿ ಸಾಲದು.

ಎಂಎಸ್ಸಿಗೆ ಬಿಎಸ್ಸಿಯಲ್ಲಿ 55% ಮತ್ತು 1 ವರ್ಷದ ಅನುಭವ ಬೇಕು. ಪೋಸ್ಟ್ ಬೇಸಿಕ್‌ನವರಿಗೆ ಆ ಅನುಭವ ಕೋರ್ಸಿನ ಮೊದಲಿನದಾದರೂ ನಡೆಯುತ್ತದೆ. ಮುಗಿಸಿ ಮತ್ತೆ ವಾರ್ಡಿಗೇ ಬಂದರೆ ಖಾಸಗಿಯಲ್ಲಿ ಪಗಾರ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಅದು ಕಾಲೇಜಿನ ಮೆಟ್ಟಿಲು. ಹಾಸಿಗೆ ಪಕ್ಕವೇ ಇರಬೇಕೆನ್ನುವವರಿಗೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಎಂಬ 2 ವರ್ಷದ ರೆಸಿಡೆನ್ಸಿ (ಆಸ್ಪತ್ರೆಯಲ್ಲೇ ದುಡಿಯುತ್ತ ಕಲಿಯುವ ಕೋರ್ಸ್) ಇದೆ. ಕಲಿಕೆ ಚೆನ್ನ, ಆ ಹೆಸರಿನ ಹುದ್ದೆಗಳೇ ವಿರಳ.

ಗಡಿ ಕೋಟಾ, ಅಂದರೆ ಗಡಿ ಭಾಗದವರಿಗೆ ಮೀಸಲಾದ ಸೀಟು, ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವೃತ್ತಿಪರ ಕೋರ್ಸುಗಳಲ್ಲಿ ಮಹಾರಾಷ್ಟ್ರದ ಗಡಿ ಸೀಟು ವಿವಾದಿತ ಹಳ್ಳಿಗಳ ಮರಾಠಿ ಮಾತೃಭಾಷಿಕರಿಗೆ. ಕರ್ನಾಟಕದ ಗಡಿನಾಡ ಕನ್ನಡಿಗ ನಿಯಮ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜದ ನಮ್ಮಂಥವರಿಗೆ. ಹಾಸನಕ್ಕೆ ಎರಡೂ ಹತ್ತುವುದಿಲ್ಲ.

ಸೀಟು ಖಚಿತವಾಗುವ ತನಕ ರಾಜೀನಾಮೆ ಬೇಡ. ಬಿಡುವ ದಿನ ಮೂಲ ಪ್ರಮಾಣಪತ್ರಗಳನ್ನು ಕೈಗೆ ತೆಗೆದುಕೊಳ್ಳಲಿ. ಅನುಭವ ಪತ್ರದಲ್ಲಿ ವಿಭಾಗ, ಸೇರಿದ ಮತ್ತು ಬಿಟ್ಟ ತಾರೀಖು, ಆಸ್ಪತ್ರೆಯ ಹಾಸಿಗೆ ಸಂಖ್ಯೆ ಬರೆಸಿಕೊಳ್ಳಲಿ. ಬಿಟ್ಟು ಹೋದವರ ಫೋನನ್ನು ಎಚ್‌ಆರ್‌ನವರು ಎತ್ತುವುದು ಅಪರೂಪ.